ಅಣ್ಣನ ನೋವಿಗೆ ನಕ್ಕ ಮನೆ

ಅವತ್ತು ಉಂಡೆದ್ದ ಅಣ್ಣ ಬಲಗಡೆಯ ಪಕ್ಕೆ ಹಿಡಿದು, ಸೊಂಟ ಬಗ್ಗಿಸಿ, ಹಲ್ಲು ಕಚ್ಚಿಕೊಂಡು ಜಗಲಿ ದಾಟಿದ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಥೇಟ್ ಪಕ್ಕದ ಮನೆಯ ತಮ್ಮಯ್ಯಜ್ಜ!

"ಲೋ ಸೀನ, ಇನ್ಮೇಲೆ ನೀನು ಮನೇಲಿರು ಕಣ್ಲಾ. ಪ್ರೋಗ್ರಾಮ್‌ಗೆ ನಂಜನ್ನೇ ಕಳುಸ್ತೀನಿ," ಅಂದಳು ಅವ್ವ.

ಮಿಮಿಕ್ರಿ ನನ್ನ ಕಸುಬು. ಮದ್ದೂರು, ಮಳವಳ್ಳಿ ಕಡೆಯ ಆರ್ಕೆಸ್ಟ್ರಾಗಳಲ್ಲಿ ಹಾಡುಗಾರರು ನೀರು ಕುಡಿಯುವಷ್ಟು ಹೊತ್ತು ಸ್ಟೇಜು ನನ್ನದು. ಆತಗೂರಿನ ನಮ್ಮ ಮನೆಯಲ್ಲಂತೂ ಉಂಡ ಮೇಲೆ ಎಲೆಅಡಿಕೆ ಇಲ್ಲದಿದ್ದರೂ ನಡೆಯುತ್ತದೆ, ಯಾರನ್ನಾದರೂ ಅಣಕಿಸದಿದ್ದರೆ ನಡೆಯುವುದಿಲ್ಲ. ಅಣ್ಣ ನಂಜನಿಗೆ ಹುಟ್ಟಿನಿಂದ ಬೌದ್ಧಿಕ ವೈಕಲ್ಯ. ಮಾತು ನಾಲ್ಕೇ. ಆದರೆ ಅಣಕಿಸಲು ಮಾತೇಕೆ?

ನನಗೆ ಹೊಟ್ಟೆ ಉರಿಯಿತು. ಮಾರನೆಯ ದಿನ ಅವನು ಮತ್ತೆ ಬಗ್ಗಿದಾಗ ನಾನೂ ಪೈಪೋಟಿಗೆ ಬಗ್ಗಿದೆ. ನನ್ನನ್ನು ನೋಡಿ ಯಾರೂ ನಗಲಿಲ್ಲ.

ಆಮೇಲೆ ಅಣ್ಣ ಊಟ ಬಿಟ್ಟ. ತಟ್ಟೆ ಎಸೆದ. ನಾವು ತೋರಿಸಿದ ಡಾಕ್ಟರು ಅವನ ಮುಖ ನೋಡಿದರು, ಹೊಟ್ಟೆ ಮುಟ್ಟಲಿಲ್ಲ. "ಇಂಥವರು ಹೀಗೇ, ಹಠ ಮಾಡ್ತಾರೆ," ಎಂದು ನಿದ್ದೆ ಮಾತ್ರೆ ಬರೆದರು.

ಮೈಸೂರಿನಿಂದ ಅಕ್ಕ ಬಂದಳು. ಅಣ್ಣನಂಥವರ ಕಾಯಿಲೆ ಯಾಕೆ ತಡವಾಗಿ ಗೊತ್ತಾಗುತ್ತದೆ, ಚಿಕಿತ್ಸೆ ಯಾಕೆ ಎಲ್ಲರಂತೆ ಸಿಗುವುದಿಲ್ಲ ಎಂಬುದೇ ಯೂನಿವರ್ಸಿಟಿಯಲ್ಲಿ ಅವಳ ಸಂಶೋಧನೆ. ಅದರ ಬಗ್ಗೆ ಮಾತಾಡಲು ವಿಮಾನ ಹತ್ತಿ ಹೋಗುತ್ತಾಳೆ. ನಾನು ಮಾತಾಡಲು ಮಳವಳ್ಳಿ ಬಸ್ಸಿನಲ್ಲಿ ನಿಂತು ಹೋಗುತ್ತೇನೆ. ಬ್ಯಾಗು ಕೂಡ ಇಳಿಸದೆ ಅವಳು ಅಣ್ಣನನ್ನೇ ನೋಡಿದಳು. ಅವನು ಬಗ್ಗಿದ.

"ನೋಡಕ್ಕ, ತಮ್ಮಯ್ಯಜ್ಜ!" ಅಂದೆ.

"ಅಲ್ಲ ಕಣೋ. ನೋವು."

ಮಂಡ್ಯದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ಗಾಲ್‌ಬ್ಲಾಡರ್‌ನಲ್ಲಿ ಕಲ್ಲು. ಇನ್‌ಫೆಕ್ಷನ್ ಆಗಿ ಕೀವು ತುಂಬಿತ್ತು. ಕೂಡಲೇ ಆಪರೇಷನ್ ಅಂದರು ಸರ್ಜನ್. ಜೀವದ ಬಗ್ಗೆ ಕೇಳಿದರೆ, "ನೋಡೋಣ," ಅಂದರು.

ಅಣ್ಣನಿಗೆ ಸ್ನಾನ ಮಾಡಿಸುವವನು ನಾನು. ಗಡ್ಡ ಹೆರೆಯುವವನು ನಾನು. ಥಿಯೇಟರ್ ಒಳಗೆ ಹೋಗುವಾಗ ಅವನು ಬಿಗಿಯಾಗಿ ಹಿಡಿದದ್ದು ಅಕ್ಕನ ಬೆರಳು. ಅವನು ಸಾಯಬಹುದು ಎಂಬ ಭಯದ ನಡುವೆಯೂ ನನಗೆ ಆ ಬೆರಳಿನ ಮೇಲೆ ಕಣ್ಣು.

"ನಿಂಗೆಂಗಕ್ಕ ಗೊತ್ತಾಯ್ತು?"

"ನೀನು ತಮ್ಮಯ್ಯಜ್ಜನ್ನ ಮಾಡ್ದಾಗ, ನಗ್ತಾ ಇದಾರಾ ಅಂತ ನಮ್ಮ ಮುಖ ನೋಡ್ತೀಯ. ಅವನು ಯಾರನ್ನೂ ನೋಡ್ಲಿಲ್ಲ."

ಇದು ನನ್ನ ಕಸುಬಿನ ವಿಷಯ. ಅದನ್ನೂ ಅವಳೇ ಹೇಳಬೇಕಾಯಿತು.

ಅಣ್ಣ ಉಳಿದ. ಹೊಟ್ಟೆಯ ಹೊಲಿಗೆ ಮಾಯುತ್ತಿದೆ, ಗಂಜಿ ಕೊಟ್ಟರೆ ಮುಖ ಸಿಂಡರಿಸುತ್ತಾನೆ. ಸಂಜೆ ಅಕ್ಕ ಫೋನ್ ಮಾಡುತ್ತಾಳೆ. "ಉಂಡ್ನಾ? ಉಂಡ್ಮೇಲೆ ಮುಖ ಹೆಂಗಿತ್ತು?" ಓದು, ಹೆಸರು ಎಲ್ಲ ಅವಳ ಹತ್ತಿರ ಇದೆ. ಅಣ್ಣನ ಮುಖ ಮಾತ್ರ ನನ್ನ ಎದುರಿಗಿದೆ.

"ತಡಿಯಕ್ಕ, ನೋಡಿ ಯೇಳ್ತೀನಿ," ಎಂದು ಅವಳನ್ನು ಫೋನಿನಲ್ಲೇ ಕಾಯಿಸುತ್ತೇನೆ. ಅವನ ಜೀವ ಉಳಿಸಿದವಳು ಅವಳು, ಒಪ್ಪುತ್ತೇನೆ. ಆದರೂ ಅಷ್ಟು ಕಾಯಿಸದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ.