ಅಪ್ಪಯ್ಯ ನೋಡಿದ ಕೊನೆ, ನಾನು ನೋಡಿದ ಕೊನೆ

ದೆವ್ವ ಕಂಡಿತು, ಕನಸು ನಿಜವಾಯಿತು ಅಂತ ಯಾರಾದರೂ ಶುರು ಮಾಡಿದರೆ ಎದ್ದು ಹೋಗುವ ಪೈಕಿ ನಾನು. ಈಗಲೂ ಅಂಥದ್ದನ್ನೆಲ್ಲ ನಂಬುತ್ತೇನೆ ಎಂದಲ್ಲ. ಆದರೆ ಕೆಲವು ವರ್ಷಗಳ ಹಿಂದಿನ ಒಂದು ಮಧ್ಯಾಹ್ನದ ಮಟ್ಟಿಗೆ ನನ್ನ ಬಾಯಿ ಕಟ್ಟಿದೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು.

ಶಿರಸಿಯಲ್ಲಿ ನಮ್ಮದು ಅಪ್ಪೆಮಿಡಿ ಉಪ್ಪಿನಕಾಯಿಯ ವ್ಯಾಪಾರ. ಅಪ್ಪಯ್ಯ ಕಟ್ಟಿ ಬೆಳೆಸಿದ್ದು. ಅವನ ಕಟ್ಟಳೆ ಒಂದೇ, ಒಂದು ಮರದ ಮಿಡಿ ಒಂದು ಭರಣಿಗೆ. ಹೆಗ್ಗರಣೆಯ ಹೊಳೆದಂಡೆ ಮರದ ಮಿಡಿಗೂ ಮತ್ತಿಘಟ್ಟದ ಮಿಡಿಗೂ ಪರಿಮಳ ಬೇರೆ, ಸೊನೆ ಬೇರೆ, ಬೆರೆಸಿದರೆ ಎರಡೂ ಕೆಟ್ಟವು ಅನ್ನುತ್ತಿದ್ದ. ನನಗೋ ಹುಬ್ಬಳ್ಳಿಯ ಅಂಗಡಿಗಳಿಗೆ ಮಾಲು ಕೊಡಬೇಕಿತ್ತು. ಅವರಿಗೆ ವರ್ಷವಿಡೀ ಒಂದೇ ರುಚಿ ಬೇಕು. ಅದಕ್ಕೆ ಎಲ್ಲ ಮಿಡಿಯೂ ಒಟ್ಟಿಗೆ ಡ್ರಮ್ಮಿಗೆ ಬೀಳಬೇಕು.

"ಡ್ರಮ್ಮಲ್ಲಿ ಹಾಕೂದು ಡಾಂಬರು" ಅಂದ ಅಪ್ಪಯ್ಯ.

"ಹಂಗಾದ್ರೆ ಆನು ಬೇರೆ ಆಗ್ತೆ" ಅಂದೆ ನಾನು.

ಹಠದಲ್ಲಿ ಇಬ್ಬರೂ ಒಂದೇ ಅಚ್ಚು. ಯಲ್ಲಾಪುರದಲ್ಲಿ ಶೆಡ್ ನೋಡಿ ಬಂದೆ. ಮರುದಿನ ಬೆಳಿಗ್ಗೆ ಹೆಂಡತಿ ಮಕ್ಕಳ ಸಮೇತ ಹೊರಡುವುದೆಂದು ತೀರ್ಮಾನವಾಯಿತು. ಹೋದರೆ ಹೋದದ್ದೇ. ತಿರುಗಿ ಹೊಸ್ತಿಲು ತುಳಿಯುವವನಲ್ಲ ನಾನು, ಕರೆಯುವವನಲ್ಲ ಅವನು.

ಆ ಮಧ್ಯಾಹ್ನ ಟೀವಿಯಲ್ಲಿ ಹಳೇ ಕಪ್ಪು-ಬಿಳುಪು ಸಿನಿಮಾ ಬರುತ್ತಿತ್ತು. ಎಣ್ಣೆಗಾಣದ ಯಜಮಾನ, ಮಿಷನ್ನು ಹಾಕಲೇಬೇಕೆನ್ನುವ ಮಗ. ಥೂ, ನಮ್ಮ ಮನೆಯದೇ ಕಥೆ! ಆದರೂ ಮೊದಲು ಎದ್ದವನು ಸೋತ ಹಾಗೆ ಅಂತ ಇಬ್ಬರೂ ಕಡೆಯವರೆಗೆ ಕೂತೇ ಇದ್ದೆವು. ಕೊನೆಯಲ್ಲಿ ಮಗ ಮಿಷನ್ನು ಮಾರಿ ಬಂದು ಅಪ್ಪನ ಪಕ್ಕ ಗಾಣದೆದುರು ನಿಂತ. ಸುಳ್ಳು ಯಾಕೆ ಹೇಳಲಿ, ನನ್ನ ಕಣ್ಣು ತುಂಬಿ ಬಂತು.

"ಶೆಡ್ ಬ್ಯಾಡ ಅಪ್ಪಯ್ಯ, ಭರಣೀಲೇ ಮಾಡನ" ಅಂದೆ.

ಅದೇ ಹೊತ್ತಿಗೆ ಅಪ್ಪಯ್ಯ ಸೊಂಟದಿಂದ ಉಗ್ರಾಣದ ಬೀಗದ ಕೈ ಬಿಚ್ಚಿ ನನ್ನ ಮುಂದಿಟ್ಟ. "ತಗ. ನಿನ್ನ ಡ್ರಮ್ ತಗಂಬಾ. ಆ ಯಜಮಾನನೇ ಗಾಣ ಕಿತ್ತು ಮಗನಿಗೆ ಜಾಗ ಮಾಡಿಕೊಟ್ಟ. ಆನು ಎಂತ ದೊಡ್ಡವ?"

"ಗಾಣ ಎಲ್ಲಿ ಕಿತ್ತ? ಮಗ ಅಲ್ದಾ ಮಿಷನ್ ಮಾರಿದ್ದು?"

"ನಿಂಗೆ ಕಣ್ಣು ಕಾಣ್ತಿಲ್ಯ?"

ಮತ್ತೆ ಜಗಳ! ಗಲಾಟೆ ಕೇಳಿ ಅಮ್ಮ ಸಾಸಿವೆ ಮೆತ್ತಿದ ಕೈಯಲ್ಲೇ ಒಳಗಿಂದ ಬಂದಳು. "ಎಂತ ಸಿನಿಮಾನೋ ನಿಂಗಳದ್ದು? ಕರೆಂಟು ಹೋಗಿ ಎಷ್ಟ್ ಹೊತ್ತಾತು! ಮಿಕ್ಸಿ ಅರ್ಧಕ್ಕೆ ನಿಂತು, ಆನು ಒರಳಲ್ಲಿ ಸಾಸ್ವೆ ಅರೆದು ಮುಗ್ಸಿದೆ."

ತಿರುಗಿ ನೋಡಿದರೆ ಟೀವಿ ಕಪ್ಪಗಿತ್ತು. ಫ್ಯಾನೂ ನಿಂತಿತ್ತು. ಪಕ್ಕದ ಹಿಟ್ಟಿನ ಗಿರಣಿಯವನನ್ನು ಕೇಳಿದೆ, ಊಟದ ಹೊತ್ತಿನಿಂದಲೇ ಕರೆಂಟಿಲ್ಲ ಅಂದ.

ನಾನು ಯಲ್ಲಾಪುರಕ್ಕೆ ಹೋಗಲಿಲ್ಲ. ಈಗ ಒಳ್ಳೆಯ ಮರಗಳ ಮಿಡಿ ಭರಣಿಗೆ, ಉಳಿದದ್ದು ಡ್ರಮ್ಮಿಗೆ. ವ್ಯಾಪಾರ ನಡೆದಿದೆ, ಜಗಳವೂ ನಡೆದಿದೆ.

ಮೊನ್ನೆ ಮೊನ್ನೆ ಆ ಸಿನಿಮಾ ಫೋನಿನಲ್ಲಿ ಸಿಕ್ಕಿತು. ಇತ್ಯರ್ಥ ಮಾಡಿಯೇ ಬಿಡುವುದೆಂದು ಕಡೆಯವರೆಗೂ ನೋಡಿದೆ. ಅದರಲ್ಲಿ ಅಪ್ಪ ಮಗ ಒಂದಾಗುವುದೇ ಇಲ್ಲ. ಮಗ ಊರು ಬಿಡುತ್ತಾನೆ. ತಿರುಗಿ ಬರುವ ಹೊತ್ತಿಗೆ ಅಪ್ಪನ ಚಿತೆ ಆರಿರುತ್ತದೆ. ಹಾಗಾದರೆ ಅವತ್ತು ನಾವಿಬ್ಬರೂ ನೋಡಿದ್ದು ಏನು? ಎಷ್ಟು ತಲೆ ಕೆರೆದುಕೊಂಡರೂ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಅಪ್ಪಯ್ಯ ಕನ್ನಡಕ ಒರೆಸುತ್ತ ಹತ್ತಿರ ಬಂದ. "ಅದೇ ಸಿನಿಮಾ ಅಲ್ದಾ? ಕಡೆಗೆ ಸೋತವ ಯಾರು, ಅಪ್ಪನಾ ಮಗನಾ?"

ಆ ಕೊನೆಯನ್ನು ಅವನಿಗೆ ಯಾವತ್ತೂ ತೋರಿಸಬಾರದು ಅಂತ ಅಲ್ಲೇ ಗಟ್ಟಿ ಮಾಡಿಕೊಂಡೆ. ಫೋನು ಆರಿಸಿ ಕಿಸೆಗೆ ಹಾಕಿದೆ.

"ನೀ ಹೇಳಿದ್ದೇ ಖರೆ ಅಪ್ಪಯ್ಯ. ಅಪ್ಪನೇ ಸೋತಿದ್ದು."

ಮುದುಕನಿಗೆ ಏನು ಖುಷಿ ಅಂತೀರಿ! "ಆನು ಅವತ್ತೇ ಹೇಳಿದ್ನಲ!" ಎಂದು ಅಮ್ಮನನ್ನು ಕೂಗಿ ಕರೆದ.