ಒಫೇಲಿಯಾ ಅವರ ನಾಯಿ

ತಾಂದಿಲ್ ಊರಿನ ರೈಲು ನಿಲ್ದಾಣದ ಎದುರಿನ ಸ್ಟೇಕ್ ಹೋಟೆಲಿಗೆ ಎವರಿಸ್ತೊ ಮಾಣಿಯಾಗಿ ಸೇರಿದಾಗ ಅವನಿಗಿನ್ನೂ ಮೀಸೆ ಚಿಗುರಿರಲಿಲ್ಲ. ಈಗ ಅದು ಪೂರ್ತಿ ಬೆಳ್ಳಗಾಗಿದೆ. ಇಷ್ಟು ವರ್ಷಗಳಲ್ಲಿ ಅವನು ತಟ್ಟೆಗಳಿಗಿಂತ ಹೆಚ್ಚಾಗಿ ಹೊತ್ತದ್ದು ಸುಳ್ಳುಗಳನ್ನು. ಹಿತ್ತಲಲ್ಲಿ ಕೆಂಡದ ಮುಂದೆ ನಿಂತ ಕಸಿಮಿರೊಗೂ ಒಳಗೆ ಹಸಿದು ಕೂತವರಿಗೂ ಜಗಳ ಹತ್ತದಂತೆ ನೋಡಿಕೊಳ್ಳಬೇಕಲ್ಲ. ಕಸಿಮಿರೊ ಮಾಂಸ ಸುಡುವುದರಲ್ಲಿ ಗಟ್ಟಿಗ, ಮಹಾ ಸಿಡುಕ. ಸ್ಟೇಕ್ ಒಳಗೆ ಕೆಂಪಗಿರಬೇಕು, ಕೊಯ್ದರೆ ರಸ ಇಳಿಯಬೇಕು. ಇನ್ನಷ್ಟು ಬೇಯಿಸು ಎಂದವರನ್ನು ಅವನು ಮನುಷ್ಯರ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

ಅಂಥಲ್ಲಿಗೆ ಒಂದು ಭಾನುವಾರ ಮಧ್ಯಾಹ್ನ ಒಫೇಲಿಯಾ ಬಂದರು. ಹೊಲಿಗೆ ಅಂಗಡಿ ನಡೆಸುವ ವಿಧವೆ. ಕಿಟಕಿ ಪಕ್ಕ ಕೂತು, ಸ್ಟೇಕು ಚಪ್ಪಲಿ ಅಟ್ಟೆಯ ಹಾಗೆ ಕರ್ರಗೆ ಸುಟ್ಟಿರಲಿ ಎಂದರು.

ಎವರಿಸ್ತೊ ಹಿತ್ತಲಿಗೆ ಹೋಗುವಷ್ಟರಲ್ಲಿ ಸುಳ್ಳು ಸಿದ್ಧವಾಗಿತ್ತು.

“ಇದು ಅಮ್ಮಾವ್ರಿಗಲ್ಲ ಮಾರಾಯ, ಅವರ ನಾಯಿಗೆ. ಹಸಿಬಿಸಿ ಇದ್ರೆ ಅದರ ಹೊಟ್ಟೆಗೆ ಆಗಲ್ವಂತೆ.”

ಹೋದ ಚಳಿಗಾಲದಲ್ಲಷ್ಟೇ ತನ್ನ ನಾಯಿಯನ್ನು ಮಣ್ಣು ಮಾಡಿದ್ದ ಕಸಿಮಿರೊನ ಮುಖ ಮೆತ್ತಗಾಯಿತು. ಹೆಸರೇನು ಎಂದು ಕೇಳಿದ. ಎವರಿಸ್ತೊ ಬಾಯಿಗೆ ಬಂದದ್ದನ್ನು ಹೇಳಿದ: ಸುಲ್ತಾನ.

ಅಲ್ಲಿಂದ ಪ್ರತಿ ಭಾನುವಾರ ಕಸಿಮಿರೊ ಸುಲ್ತಾನನ ಯೋಗಕ್ಷೇಮ ವಿಚಾರಿಸತೊಡಗಿದ. ಎವರಿಸ್ತೊಗೂ ಹುರುಪು ಬಂತು. ಸುಲ್ತಾನ ಅಂಚೆಯವನ ಪ್ಯಾಂಟು ಹರಿದ, ಪಾದ್ರಿಯ ಕೋಳಿ ಹಿಡಿದ, ಗುಡುಗಿಗೆ ಹೆದರಿ ಮಂಚದಡಿ ಸೇರಿದ. ಇತ್ತ ಒಫೇಲಿಯಾಗೆ, ಇಂಥ ಮಾಂಸ ಅಗಿಯಬೇಕಾದರೆ ಹಲ್ಲು ಎಷ್ಟು ಗಟ್ಟಿ ಇರಬೇಕು ಎಂದು ಅಡುಗೆಯವನು ಬೆರಗಾಗಿದ್ದಾನೆ ಎಂದು ಹೇಳಿದ. ಆಕೆ ಹಲ್ಲು ಬಿಟ್ಟು ನಕ್ಕರು.

ಒಂದು ಭಾನುವಾರ ಕಸಿಮಿರೊ ತೊಳೆದ ಅಂಗಿ ತೊಟ್ಟು, ಪೇಪರಿನಲ್ಲಿ ದೊಡ್ಡ ಮೂಳೆ ಸುತ್ತಿಕೊಂಡು, ಹೇಳದೆ ಕೇಳದೆ ಒಳಗೆ ಬಂದುಬಿಟ್ಟ. ನೇರವಾಗಿ ಕಿಟಕಿಯ ಮೇಜಿಗೆ.

“ಸುಲ್ತಾನ ಎಲ್ಲಮ್ಮಾ?”

“ಯಾವ ಸುಲ್ತಾನ?”

“ನಿಮ್ಮ ನಾಯಿ. ವಾರವಾರ ಸುಟ್ಟು ಕಳಿಸ್ತೀನಲ್ಲ.”

ಒಫೇಲಿಯಾ ಎವರಿಸ್ತೊನತ್ತ ನೋಡಿದರು. ಅವನು ಫ್ಯಾನು ನೋಡುತ್ತಿದ್ದ. ಆಕೆ ಫೋರ್ಕಿನಲ್ಲಿದ್ದ ಕಪ್ಪು ತುಂಡನ್ನು ಬಾಯಿಗಿಟ್ಟುಕೊಂಡು, ಸಾವಕಾಶ ಅಗಿದು ನುಂಗಿದರು.

“ಆ ನಾಯಿ ನಾನೇ. ಮೂಳೆ ಇಲ್ಲಿಡಿ.”

ಪಕ್ಕದ ಮೇಜಿನವರು ಊಟ ನಿಲ್ಲಿಸಿದರು. ಎವರಿಸ್ತೊ ಮೆಲ್ಲಗೆ ಬಾಗಿಲ ಕಡೆ ಸರಿದ. ಕಸಿಮಿರೊ ಕೆಂಪೇರಿದ ಮುಖದಲ್ಲೇ ಕುರ್ಚಿ ಎಳೆದು ಕೂತ. ಅವನು ಗಿರಾಕಿಗಳ ಮಧ್ಯೆ ಕೂತದ್ದನ್ನು ಯಾರೂ ಕಂಡಿರಲಿಲ್ಲ. ಒಳ್ಳೆ ಮಾಂಸವನ್ನು ಹೀಗೆ ಕೊಲ್ಲಿಸುವುದು ಯಾಕೆ ಎಂದು ಕೇಳಿದ.

“ನಮ್ಮಪ್ಪ ಕಟುಕ. ಮದುವೆ ಆಗೋ ತನಕ ಕೆಂಪು ನೋಡಿ ನೋಡಿ ಸಾಕಾಗಿ ಹೋಯ್ತು,” ಎಂದರು ಒಫೇಲಿಯಾ.

ಕಸಿಮಿರೊ ಯೋಚಿಸಿ, ಅದು ನ್ಯಾಯವಾದ ಮಾತು ಎಂದು ಒಪ್ಪಿದ. ಮುಂದಿನ ವಾರದಿಂದ ಆ ತಟ್ಟೆಯನ್ನು ತಾನೇ ತಂದಿಡತೊಡಗಿದ. ಎವರಿಸ್ತೊ ತಡೆಯಲಾರದೆ, ಅಮ್ಮಾವ್ರು ನಿನ್ನ ಕೈಗುಣ ಬಾಯ್ತುಂಬ ಹೊಗಳಿದರು ಎಂದ.

“ಸುಮ್ನಿರೋ. ಉಪ್ಪು ಜಾಸ್ತಿ ಅಂತ ಈಗಷ್ಟೇ ನನಗೇ ಬೈದ್ರು,” ಎಂದ ಕಸಿಮಿರೊ, ಖುಷಿಯಾಗಿ.

ಆ ಮೇಜಿನಲ್ಲಿ ಎವರಿಸ್ತೊಗೆ ಉಳಿದದ್ದು ಬ್ರೆಡ್ಡಿನ ಬುಟ್ಟಿ ಇಡುವ ಕೆಲಸವೊಂದೇ. ಅದನ್ನು ಅವನು ಮುಖ ಊದಿಸಿಕೊಂಡೇ ಮಾಡುತ್ತಿದ್ದ.