ನೀರು ಬೇಡ ಎಂದ ದಿನ

ಪುಟ್ಟೀ, ಚಿನ್ನೂ, ಮರೀ, ತಾತ ಮನೆಯೊಳಗೂ ಕಪ್ಪು ಕನ್ನಡಕ ಯಾಕೆ ಹಾಕಿಕೊಳ್ಳುತ್ತಿದ್ದರು, ನಾನು ಯಾಕೆ ಯಾವಾಗಲೂ ಅವರ ಎಡಗಡೆಗೇ ಕೂರುತ್ತಿದ್ದೆ ಎಂದು ನೀವು ಕೇಳಿದಾಗಲೆಲ್ಲ ಏನೋ ಒಂದು ಹೇಳಿ ತಪ್ಪಿಸಿಕೊಂಡಿದ್ದೇನೆ. ಬಾಯಲ್ಲಿ ಹೇಳಲು ನನಗಾಗುವುದಿಲ್ಲ. ಮಂಚೇನಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದವಳು ನಾನು. ಬಂದಷ್ಟು ಬರೆಯುತ್ತೇನೆ.

ಮದುವೆಯಾದಾಗ ನಿಮ್ಮ ತಾತ ಬೆಂಗಳೂರಿನ ಒಂದು ಬಟ್ಟೆ ಗಿರಣಿಯ ಹಾಕಿ ತಂಡದಲ್ಲಿ ಗೋಲ್‌ಕೀಪರ್ ಆಗಿದ್ದರು. ಮಗ್ಗದ ಹತ್ತಿರ ಹೆಸರಿಗೊಂದು ಕೆಲಸ, ಗಿರಣಿಯವರು ಇಟ್ಟುಕೊಂಡಿದ್ದುದು ಆಟಕ್ಕೆ. ನಾನು ಗೌರಿಬಿದನೂರಿನಲ್ಲಿ ಅತ್ತೆಯ ಜೊತೆ ಇದ್ದೆ. ಅವರು ಶನಿವಾರದ ರೈಲಿಗೆ ಬರುತ್ತಿದ್ದರು. ಕಲ್ಲಿನಂಥ ಚೆಂಡು, ಅದಕ್ಕೆ ಎದುರು ನಿಲ್ಲುವುದೇ ಇವರ ಕೆಲಸ ಎಂದು ಗೊತ್ತಾದ ಮೇಲೆ ಶನಿವಾರ ಬಂದರೆ ನಾನು ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ. ಬಾಗಿಲ ಸಂದಿಯಿಂದ ಅವರ ನಡಿಗೆ ನೋಡುತ್ತಿದ್ದೆ, ಕುಂಟುತ್ತಾರೋ ಇಲ್ಲವೋ ಎಂದು. ಊಟಕ್ಕೆ ಕೂತರೆ ಕೈ ನೋಡುತ್ತಿದ್ದೆ.

"ಏನೇ, ಗಂಡನ ಬೆರಳು ಎಣಿಸ್ತಾ ಇದೀಯಾ? ಹತ್ತೂ ಇದಾವೆ ಕಣೇ. ಮುದ್ದೆ ಆರೋಗ್ತದೆ, ಇಕ್ಕು" ಎಂದು ಅತ್ತೆ ನಗುತ್ತಿದ್ದರು.

ಮದುವೆಯಾದ ಏಳನೆಯ ವರ್ಷ ಅವರ ಮಂಡಿ ಹೋಯಿತು. ಗಿರಣಿಯವರು ತಂಡದಿಂದ ಕೈಬಿಟ್ಟರು. ಚಿಂತಾಮಣಿಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರ ಕೆಲಸ ಸಿಕ್ಕಿತು. ಖಾಯಂ ಅಲ್ಲ, ನೋಡೋಣ ಎಂದು ಕೊಟ್ಟದ್ದು. ಹುಡುಗರಿಗೆ ಹಾಕಿ ಕಲಿಸಬೇಕು. ಅವರಿಗೆ ಎಷ್ಟು ದುಃಖವಾಯಿತೋ ನನಗೆ ಅಷ್ಟು ನೆಮ್ಮದಿಯಾಯಿತು. ಇನ್ನು ಚೆಂಡಿಗೆ ಎದುರು ನಿಲ್ಲುವುದು ಬೇರೆಯವರ ಮಕ್ಕಳು ಎಂದುಕೊಂಡೆ. ಹಾಗೆ ಅಂದುಕೊಂಡದ್ದಕ್ಕೂ ಆಮೇಲೆ ಹೆದರಿದೆ.

ಶಾಲೆಯ ಮೈದಾನಕ್ಕೆ ಅಂಟಿಕೊಂಡೇ ನಮ್ಮ ಬಾಡಿಗೆ ಮನೆ. ಅಲ್ಲಿಯದು ಕೆಮ್ಮಣ್ಣು. ಎರಡು ದಿನ ಉರುಳಿದರೆ ಬಿಳಿ ಚೆಂಡು ಕೆಂಪಾಗಿ ಸಂಜೆಯ ಹೊತ್ತಿಗೆ ಕಾಣುತ್ತಲೇ ಇರಲಿಲ್ಲ. ಬೆಂಗಳೂರಿನಿಂದ ತಂದ ಬಣ್ಣ ಮುಗಿದಿತ್ತು. ಯುಗಾದಿ ಹತ್ತಿರ ಬಂದಿತ್ತು, ಗೋಡೆಗೆ ಬಳಿಯಲು ನಾನು ಸುಣ್ಣದ ಕಲ್ಲು ತಂದು ಮಡಕೆಯಲ್ಲಿ ನೀರು ಸುರಿದು ಅರಳಿಸಿದ್ದೆ. "ಇದನ್ನೇ ಹಚ್ಚಲಾ?" ಎಂದು ಕೇಳಿದೆ. "ಹಚ್ಚೇ, ಗೋಡೆಗೆ ಆಗೋದು ಚೆಂಡಿಗೆ ಆಗಲ್ವಾ?" ಎಂದರು. ಉದುರದಿರಲಿ ಎಂದು ಅಂಟು ಬೆರೆಸಿ ಮೂರು ಸಲ ದಪ್ಪಗೆ ಬಳಿದು ಬಿಸಿಲಿಗಿಟ್ಟೆ. ಮೇಲೆ ಒಣಗಿತ್ತು, ಒಳಗೆ ಹಸಿಯೇ ಇತ್ತು.

ಆವತ್ತು ಸಂಜೆ ಹುಡುಗರಿಗೆ ತೋರಿಸಲು ಅವರೇ ಗೋಲಿನಲ್ಲಿ ನಿಂತರಂತೆ. ಚೆಂಡು ಮುಖದ ಎತ್ತರಕ್ಕೆ ಬಂತು, ಅಂಗೈಯಲ್ಲಿ ತಡೆದರು. ಸುಣ್ಣದ ಚಕ್ಕೆ ಎದ್ದು ಎಡಗಣ್ಣಿಗೆ ಬಿತ್ತು. ಅವರು ಕಣ್ಣು ಹಿಡಿದುಕೊಂಡು ನಮ್ಮ ಜಗಲಿಗೆ ಬಂದು ಕೂತರು. ಹುಡುಗರು ಬಾವಿಯಿಂದ ಕೊಡ ತುಂಬಿಕೊಂಡು ಓಡಿ ಬಂದರು.

"ಸುಣ್ಣ ಬಿದ್ದೈತಮ್ಮಾ, ತೊಳೀತೀವಿ!"

ಹೊರಗಿನವರ ಎದುರು ಒಂದು ಮಾತು ಜೋರಾಗಿ ಆಡಿದವಳಲ್ಲ ನಾನು. ಆವತ್ತು ಕಿರುಚಿದೆ. "ನೀರು ಬೇಡ ಕಣ್ರೋ! ನೀರು ಬಿದ್ರೆ ಸುಣ್ಣ ಕುದಿಯತ್ತೆ! ಕಣ್ಣು ಬೆಂದೋಗುತ್ತೆ!"

ಬೆಳಿಗ್ಗೆಯಷ್ಟೇ ಮಡಕೆಯಲ್ಲಿ ಸುಣ್ಣ ಬುಸುಗುಟ್ಟಿ ಕುದಿದದ್ದನ್ನು ನೋಡಿದ್ದೆ. ಕಣ್ಣೊಳಗೂ ಹಾಗೇ ಕುದಿಯುತ್ತದೆ ಎಂದು ನನ್ನ ಭಯ. ಮೇಷ್ಟ್ರ ಹೆಂಡತಿ ಹೇಳಿದರೆಂದು ಹುಡುಗರು ಕೊಡ ಇಳಿಸಿಬಿಟ್ಟರು. ನಾನು ಹರಳೆಣ್ಣೆ ಬಿಟ್ಟು ಬಟ್ಟೆ ಕಟ್ಟಿದೆ. ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಹೋದದ್ದು ಮಾರನೆಯ ದಿನದ ಮೊದಲ ಬಸ್ಸಿಗೆ.

ಡಾಕ್ಟರು ರೆಪ್ಪೆ ಬಿಡಿಸಿ ನೋಡಿ ಸಿಟ್ಟಾದರು. "ಆ ಕ್ಷಣಾನೇ ಕೊಡಗಟ್ಟಲೆ ನೀರು ಸುರಿದಿದ್ರೆ ಕಣ್ಣು ಉಳೀತಿತ್ತು. ನೀರು ಹಾಕಬೇಡಿ ಅಂದೋರು ಯಾರ್ರೀ?"

ನಾನು ಗೋಡೆಗೆ ಒರಗಿ ನಿಂತಿದ್ದೆ. 

"ನಾನೇ ಸಾರ್," ಎಂದರು ನಿಮ್ಮ ತಾತ. "ನನಗೇ ತಿಳೀಲಿಲ್ಲ."

ಬಸ್ಸಿನಲ್ಲೂ ಆ ಮಾತು ಎತ್ತಲಿಲ್ಲ. ಮನೆಗೆ ಬಂದ ಮೇಲೂ ಇಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆನೇನೋ.

ಎಡಗಣ್ಣು ಬೆಳ್ಳಗೆ ಮಂಜು ಕಟ್ಟಿತು, ಪೂರ್ತಿ ಹೋಯಿತು. ಅದು ತಿಳಿದರೆ ಕೆಲಸ ಖಾಯಂ ಆಗುವುದಿರಲಿ, ಇದ್ದದ್ದೂ ಹೋಗುತ್ತದೆ. ಒಕ್ಕಣ್ಣಿನ ಡ್ರಿಲ್ ಮೇಷ್ಟ್ರನ್ನು ಯಾರು ಇಟ್ಟುಕೊಳ್ಳುತ್ತಾರೆ? ಅವರು ಕಪ್ಪು ಕನ್ನಡಕ ಹಾಕಿಕೊಂಡು, "ಬಿಸಿಲು ಆಗಲ್ಲ ಸಾರ್, ಕಾಣೋದೇನೋ ಕಾಣುತ್ತೆ" ಎಂದು ಹೆಡ್‌ಮಾಸ್ಟರಿಗೆ ಹೇಳಿದರು. ಅಂದಿನಿಂದ ಆ ಸುಳ್ಳಿನ ಕಾವಲು ನನ್ನದು. ನಡೆಯುವಾಗ ಎಡಗಡೆ ನಡೆದೆ. ಎಡಗಡೆಯಿಂದ ಸೈಕಲ್ ಬಂದರೆ ತೋಳು ಮುಟ್ಟುತ್ತಿದ್ದೆ. "ನೋಡ್ರೇ, ಚೆಂಡು ಮೇಷ್ಟ್ರ ಹೆಂಡ್ತೀನ, ಮದುವೆಯಾಗಿ ಇಷ್ಟು ವರ್ಷ ಆದ್ರೂ ಪಕ್ಕ ಬಿಡಲ್ಲ!" ಎಂದು ನಲ್ಲಿಯ ಹತ್ತಿರ ಹೆಂಗಸರು ಆಡಿಕೊಳ್ಳುತ್ತಿದ್ದರು. ನಗುತ್ತಿದ್ದೆ. ಕೊಡ ತುಂಬಿದ ಕೂಡಲೇ ಹೊರಟುಬಿಡುತ್ತಿದ್ದೆ.

ಮುಂದಿನ ವರ್ಷ ಶಿಡ್ಲಘಟ್ಟದಲ್ಲಿ ಶಾಲೆಗಳ ಪಂದ್ಯ. ಹೆಡ್‌ಮಾಸ್ಟರೂ ಬರುವವರಿದ್ದರು, ಅದಾದ ಮೇಲೆ ಕೆಲಸದ ತೀರ್ಮಾನ. ಅಷ್ಟು ವರ್ಷ ಒಂದು ಆಟವನ್ನೂ ನೋಡದವಳು ನಾನೂ ಹೊರಟೆ. "ನೀನ್ಯಾಕೇ?" ಎಂದರು. "ಸುಮ್ನೆ" ಎಂದೆ.

ಹಿಪ್ಪುನೇರಳೆ ತೋಟದ ಬದುವಿನ ಮೇಲೆ ನಾಲ್ಕಾರು ಹೆಂಗಸರ ಜೊತೆ ನಿಂತೆ. ನಿಮ್ಮ ತಾತ ಗೆರೆಯ ಆಚೆ ನಡೆಯುತ್ತ ಹುಡುಗರನ್ನು ಕೂಗುತ್ತಿದ್ದರು. ಹೆಡ್‌ಮಾಸ್ಟರು ಹಿಂದೆಯೇ ಕುರ್ಚಿ ಹಾಕಿಕೊಂಡಿದ್ದರು. ಅರ್ಧ ಆಟವಾಗಿತ್ತು. ಯಾರೋ ಬೀಸಿ ಹೊಡೆದ ಚೆಂಡು ನೆಲ ಬಿಟ್ಟೆದ್ದು ಅವರ ಎಡಗಡೆಯಿಂದ ನೇರ ತಲೆಗೆ ಬರುತ್ತಿತ್ತು. ಅವರು ಮುಂದೆ ನೋಡುತ್ತಲೇ ನಿಂತಿದ್ದಾರೆ.  ಹಿಂದೆ ಒಂದು ಸಲ ನಾನು ಬಾಯಿ ತೆರೆದದ್ದಕ್ಕೇ ಕಣ್ಣು ಹೋಗಿತ್ತು. ಈಗ ಕೂಗಿದರೆ ಕಣ್ಣು ಕಾಣದ್ದು ಬಯಲಾಗಿ ಕೆಲಸ ಹೋಗುತ್ತದೆ. ಕೂಗದಿದ್ದರೆ...

"ರೀ! ಎಡಗಡೆ ಚೆಂಡು! ಬಗ್ರೀ!"

ಬಗ್ಗಿದರು. ಚೆಂಡು ತಲೆಯ ಮೇಲೆ ಹಾದು ಹೋಗಿ ನೀರಿನ ಹೂಜಿಯನ್ನು ಒಡೆಯಿತು. ಜನ ನಕ್ಕರು. ಹೆಡ್‌ಮಾಸ್ಟರು ನಗಲಿಲ್ಲ. ನನ್ನನ್ನೊಮ್ಮೆ, ಅವರನ್ನೊಮ್ಮೆ ನೋಡಿದರು. ನಾನು ಸೆರಗು ಮುಖಕ್ಕೆಳೆದುಕೊಂಡು ಅಲ್ಲೇ ಕುಸಿದು ಕೂತೆ. ನಮ್ಮ ಹುಡುಗರು ಗೆದ್ದರೋ ಸೋತರೋ ಆವತ್ತು ನನಗೆ ಗೊತ್ತಾಗಲಿಲ್ಲ.

ಮಾರನೆಯ ದಿನ ಆಫೀಸಿಗೆ ಕರೆ ಬಂತು. ಒಲೆ ಹಚ್ಚದೆ ಬಾಗಿಲಲ್ಲೇ ಕೂತಿದ್ದೆ. ಮಧ್ಯಾಹ್ನ ಬಂದರು. ಮೊದಲು ನೀರು ಕೇಳಿ ಕುಡಿದರು.

"ನಿಜ ಹೇಳಿಬಿಟ್ಟೆ ಕಣೇ. ಒಂದು ಕಣ್ಣು ಕಾಣಲ್ಲ ಸಾರ್ ಅಂದೆ."

"ಏನಂದ್ರು?"

"'ಹುಡುಗರು ಕಲೀತಾ ಇದಾರಲ್ರೀ, ಇರಿ. ಆದ್ರೆ ಗೋಲಿನಲ್ಲಿ ನಿಲ್ಲಬೇಡಿ, ನನಗೆ ಸುಳ್ಳೂ ಹೇಳಬೇಡಿ' ಅಂದ್ರು."

ಕೆಲಸ ಉಳಿಯಿತು. ಮುದುಕರಾಗುವವರೆಗೆ ಅದೇ ಮೈದಾನದಲ್ಲಿ ಸೀಟಿ ಊದಿದರು. ಆದರೆ ನನ್ನ ಭಯ ಹೋಗಲಿಲ್ಲ. ಒಂದು ದಿನವಾದರೂ "ನೀನಲ್ಲವೇನೇ ನೀರು ಬೇಡ ಅಂದವಳು" ಎಂದುಬಿಡುತ್ತಾರೆ ಎಂದು ಕಾಯುತ್ತಲೇ ಇದ್ದೆ. ಅವರು ಅನ್ನಲೇ ಇಲ್ಲ. ಪ್ರತಿ ಯುಗಾದಿಗೂ, "ಸುಣ್ಣ ನಾನು ನೆನೆಸ್ತೀನಿ, ನೀನು ಹತ್ತಿರ ಬರಬೇಡ" ಎನ್ನುತ್ತಿದ್ದರು, ಅಷ್ಟೇ. ಪಕ್ಕದಲ್ಲಿ ಎರಡು ಕೊಡ ನೀರು ತುಂಬಿಟ್ಟುಕೊಂಡೇ ಮಡಕೆ ಮುಟ್ಟುತ್ತಿದ್ದರು.

ನಿಮ್ಮ ಅಪ್ಪಂದಿರಿಗೂ ಇದು ಗೊತ್ತಿಲ್ಲ. ತಾತ ಡಾಕ್ಟರ ಮುಂದೆ ತಮ್ಮ ಮೇಲೆ ಹಾಕಿಕೊಂಡ ತಪ್ಪು ನನ್ನದು ಎಂದು ಎಲ್ಲಾದರೂ ಒಂದು ಕಡೆ ಇರಲಿ ಎಂದು ಬರೆದಿದ್ದೇನೆ. ಅವರ ಕನ್ನಡಕ ಮತ್ತು ಸೀಟಿ ಇರುವ ತಗಡಿನ ಪೆಟ್ಟಿಗೆಯಲ್ಲೇ ಈ ಹಾಳೆಗಳನ್ನೂ ಇಡಿ. ಸೋರುವ ಮೂಲೆಯಲ್ಲಿ ಪೆಟ್ಟಿಗೆ ಇಡಬೇಡಿ. ನನ್ನೆದುರು ಮಾತ್ರ ಗಟ್ಟಿಯಾಗಿ ಓದಬೇಡಿ ಮಕ್ಕಳೇ.